ಸಹಾಯ ಬೇಕು: ಟೆಸ್ಟ್ ಓಡಿಸುವ ಟೂಲ್‌ಗೆ ವಿವರಣೆ ಹೇಗೆ ಬರೆಯೋದು?

ನಮಸ್ಕಾರ. ಮಂಗಳೂರಿನಲ್ಲಿ ನಮ್ಮದು ಸಣ್ಣ ಟೀಮ್. ಕೋಡ್ ಬರೆಯುವ ಎಐ ಏಜೆಂಟ್‌ಗೆ ಪೈಟೆಸ್ಟ್ (ಪೈಥಾನ್ ಕೋಡಿನ ಟೆಸ್ಟ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಓಡಿಸುವ ಟೂಲ್ ಕೊಟ್ಟಿದ್ದೇವೆ. ಟೂಲ್ ಬಗ್ಗೆ ಏಜೆಂಟ್ ಓದುವ ವಿವರಣೆ ಬರೀ ‘ಟೆಸ್ಟ್ ಓಡಿಸುತ್ತದೆ’ ಅಂತ ಇದ್ದಾಗ, ಒಂದು ಸಾಲು ಬದಲಾದರೂ ಏಜೆಂಟ್ ಸುಮ್ನೆ ಇಡೀ ಸೂಟ್ (ಎಲ್ಲ ಟೆಸ್ಟ್‌ಗಳನ್ನೂ) ಓಡಿಸುತ್ತಿತ್ತು. ‘ಮೊದಲು ಬದಲಾದ ಫೈಲಿನ ಟೆಸ್ಟ್ ಮಾತ್ರ’ ಅಂತ ಉದಾಹರಣೆ ಸಮೇತ ಬರೆದ ಮೇಲೆ ಅದು ಸರಿಹೋಯಿತು.

ಈಗಿನ ತಲೆನೋವು ಬೇರೆ. ಎಲ್ಲ ಪಾಸಾದರೆ ಪೈಟೆಸ್ಟ್‌ನ ಎಕ್ಸಿಟ್ ಕೋಡ್ (ಮುಗಿದಾಗ ವಾಪಸ್ ಕೊಡುವ ಸಂಖ್ಯೆ) 0, ಫೇಲ್ ಆದರೆ 1, ಹೆಸರಿನಿಂದ ಟೆಸ್ಟ್ ಆರಿಸುವ -k ಆಯ್ಕೆಗೆ ಕೊಟ್ಟ ಹೆಸರಿಗೆ ಒಂದೂ ಟೆಸ್ಟ್ ಸಿಗದಿದ್ದರೆ 5. ನಮ್ಮ ಏಜೆಂಟ್ 5 ನೋಡಿ ‘ಯಾವುದೂ ಫೇಲ್ ಆಗಿಲ್ಲ, ಕೆಲಸ ಮುಗಿಯಿತು’ ಅನ್ನುತ್ತದೆ ಮಾರಾಯ್ರೆ! ವಿವರಣೆಯಲ್ಲಿ ಮೂರರ ಅರ್ಥವನ್ನೂ ಬರೆದೆ. ಕೆಲವೊಮ್ಮೆ ಕೇಳುತ್ತದೆ, ಕೆಲವೊಮ್ಮೆ ಇಲ್ಲ. ಇನ್ನೂ ಉದ್ದ ಮಾಡಲು ಮನಸ್ಸಿಲ್ಲ.

ಮಾಡಿ ನೋಡಿದವರು ಹೇಳಿ: ಇದನ್ನು ವಿವರಣೆಯಲ್ಲೇ ಇಡಬೇಕಾ, ಅಥವಾ ಟೂಲ್ ವಾಪಸ್ ಕೊಡುವ ಔಟ್‌ಪುಟ್‌ನಲ್ಲೇ ‘ಒಂದೂ ಟೆಸ್ಟ್ ಓಡಿಲ್ಲ, ಹೆಸರು ಸರಿ ಇದೆಯಾ ನೋಡು’ ಅಂತ ಬರಬೇಕಾ?