‘ಅವಮಾನದ ಶತಮಾನ’ ಸರಿಯಾದ ಅನುವಾದವೇ?

ಗೆಳೆಯರೇ, ನಮಸ್ಕಾರ.

ಅಮೆರಿಕ ಮತ್ತು ಚೀನಾದ ಪೈಪೋಟಿಯ ಬಗ್ಗೆ ಒಂದು ಲೇಖನವನ್ನು ಕಾರವಾರದ ನಮ್ಮ ಓದುವ ಗುಂಪಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಮಾತಿನ ಹತ್ತಿರ ನಿಂತಿದ್ದೇನೆ.

ತೈವಾನ್ ವಿಷಯ ಬರಲಿ, ವ್ಯಾಪಾರದ ಜಗಳ ಬರಲಿ, ಚೀನಾದವರು ‘ಬೈನ್ಯೆನ್ ಗ್ವೊಛಿ’ಯನ್ನು ನೆನಪಿಸುತ್ತಾರೆ. ಬ್ರಿಟಿಷರು ಚೀನಾದ ಮೇಲೆ ಮಾಡಿದ ಅಫೀಮು ಯುದ್ಧದಿಂದ 1949ರವರೆಗಿನ ಕಾಲಕ್ಕೆ ಅವರು ಇಟ್ಟ ಹೆಸರು ಅದು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟಿಷರಿಗೆ ಹೋಯಿತು. 1860ರಲ್ಲಿ ಬ್ರಿಟಿಷರು ಮತ್ತು ಫ್ರೆಂಚರು ಬೀಜಿಂಗ್‌ನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿದರು, ಆಮೇಲೆ ಬ್ರಿಟಿಷರು ಅದನ್ನು ಸುಟ್ಟರು. 1895ರಲ್ಲಿ ತೈವಾನ್ ಜಪಾನಿನ ಪಾಲಾಯಿತು. ಇವೆಲ್ಲ ಆ ಒಂದು ಹೆಸರಿನಲ್ಲಿವೆ.

ಕನ್ನಡದಲ್ಲಿ ‘ಅವಮಾನದ ಶತಮಾನ’ ಅಂತ ಬರೆಯುತ್ತಾರೆ. ಮೊದಲು ‘ಶತಮಾನ’ ನೋಡಿ. ಹಾಗಂದ ಕೂಡಲೇ ನಮಗೆ ಹತ್ತೊಂಬತ್ತೋ ಇಪ್ಪತ್ತೋ ನೆನಪಾಗುತ್ತದೆ. ‘ಬೈನ್ಯೆನ್’ ಅಂದರೆ ಸುಮ್ನೆ ನೂರು ವರ್ಷ. ಹಾಗೇ ಬರೆದರಾಯಿತು.

ನಿಜವಾದ ತೊಡಕು ‘ಅವಮಾನ’ದಲ್ಲಿದೆ. ‘ಗ್ವೊ’ ಅಂದರೆ ದೇಶ, ‘ಛಿ’ ಅಂದರೆ ನಾಚಿಕೆ. ಅವಮಾನವನ್ನು ಇನ್ನೊಬ್ಬರು ಮಾಡುತ್ತಾರೆ. ‘ಅವನು ನನಗೆ ಅವಮಾನ ಮಾಡಿದ’ ಅನ್ನಬಹುದು, ‘ನನಗೆ ನಾಚಿಕೆ ಮಾಡಿದ’ ಅನ್ನಲಾಗದು. ನಾಚಿಕೆ ನಮ್ಮೊಳಗೇ ಆಗುವಂಥದ್ದು. ಹೊರಗಿನವರು ಹೊಡೆದರು ಅನ್ನುವ ಸಿಟ್ಟಿನ ಜೊತೆಗೆ, ನಾವು ಹೊಡೆಸಿಕೊಳ್ಳುವಷ್ಟು ಸೋತಿದ್ದೆವಲ್ಲ ಅನ್ನುವ ನೋವೂ ಆ ಪದದಲ್ಲಿದೆ. ‘ಅವಮಾನ’ ಅಂತ ಬರೆದರೆ ಸಿಟ್ಟು ಉಳಿಯುತ್ತದೆ, ನೋವು ಹೋಗುತ್ತದೆ.

ಮುಂದಿನ ಕ್ರಿಯಾಪದವೂ ಬದಲಾಗುತ್ತದೆ. ಚೀನಿಯಲ್ಲಿ ‘ಛಿ’ಯನ್ನು ತೊಳೆಯುತ್ತಾರೆ. 1997ರಲ್ಲಿ ಹಾಂಗ್‌ಕಾಂಗ್ ಮರಳಿ ಬಂದಾಗ ಅಲ್ಲಿ ಹೇಳಿದ್ದು ಅದನ್ನೇ. ನಮ್ಮಲ್ಲಿ ಅವಮಾನ ಆದರೆ ಮುಂದೆ ಬರುವುದು ‘ಸೇಡು ತೀರಿಸಿಕೊಳ್ಳುವುದು’. ಒಂದು ಪದ ತಪ್ಪಿದರೆ ಓದುಗರಿಗೆ ಇಡೀ ದೇಶವೇ ಸೇಡಿಗೆ ಕಾದು ಕೂತಂತೆ ಕಾಣುತ್ತದೆ. ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಬೇರೆ ಪದಗಳನ್ನೂ ಹುಡುಕಿದೆ. ‘ಮಾನಭಂಗ’ ಸರಿಹೋಗುತ್ತಿತ್ತು, ಆದರೆ ಅದನ್ನು ಅಪರಾಧದ ಸುದ್ದಿಗಳು ತೆಗೆದುಕೊಂಡುಬಿಟ್ಟಿವೆ. ‘ಮುಖಭಂಗ’ ಚುನಾವಣೆಯಲ್ಲಿ ಸೋತವರ ಪಾಲು. ‘ಕಳಂಕ’ವನ್ನು ತೊಳೆಯಬಹುದು ನಿಜ, ಆದರೆ ಅದರಲ್ಲಿ ಹೊಡೆದವನು ಕಾಣುವುದೇ ಇಲ್ಲ.

ಆಗ ನೆನಪಾದದ್ದು ನಮ್ಮ ದೊಡ್ಡಪ್ಪ. ಅವರ ಕಾಲದಲ್ಲಿ ಕಾರವಾರದ ಹತ್ತಿರದ ಅಂಜುದೀವ ದ್ವೀಪ ಪೋರ್ತುಗೀಸರ ಕೈಯಲ್ಲಿತ್ತು. 1947 ಮುಗಿದು ಹದಿನಾಲ್ಕು ವರ್ಷ ಆದರೂ ಕಾರವಾರದ ಕಣ್ಣೆದುರಿಗೇ ಅವರ ಬಾವುಟ. 1961ರ ನವೆಂಬರಿನಲ್ಲಿ ಅಲ್ಲಿಂದ ಹಾರಿದ ಗುಂಡಿಗೆ ಒಬ್ಬ ಮೀನುಗಾರ ಸತ್ತ. ಡಿಸೆಂಬರಿನಲ್ಲಿ ನಮ್ಮ ನೌಕಾಪಡೆ ದ್ವೀಪವನ್ನು ಹಿಡಿಯಿತು, ಏಳು ನಾವಿಕರು ತೀರಿಕೊಂಡರು. ದೊಡ್ಡಪ್ಪ ಅವಮಾನ ಅನ್ನುತ್ತಿರಲಿಲ್ಲ. “ಆ ಕಡೆ ನೋಡಿದಾಗೆಲ್ಲ ತಲೆ ತಗ್ಗಿಸೋ ಹಾಗೆ ಆಗ್ತಿತ್ತು” ಅನ್ನುತ್ತಿದ್ದರು.

ಇದೇ ಸರಿ ಅಂತ ನನಗೆ ಅನ್ನಿಸುತ್ತಿದೆ. ‘ತಲೆ ತಗ್ಗಿಸುವ ಹಾಗೆ ಮಾಡಿದರು’ ಅಂದರೆ ಹೊಡೆದವನು ಇದ್ದಾನೆ. ‘ತಲೆ ತಗ್ಗಿಸಿದೆವು’ ಅಂದರೆ ನಾಚಿಕೆಯೂ ಇದೆ. 1949ರ ಸೆಪ್ಟೆಂಬರಿನಲ್ಲಿ ಮಾವೊ ‘ಚೀನಾದ ಜನ ಎದ್ದು ನಿಂತಿದ್ದಾರೆ’ ಅಂದರು. ಅದಕ್ಕೆ ನಮ್ಮ ‘ತಲೆ ಎತ್ತು’ ಚೆನ್ನಾಗಿ ಜೊತೆಯಾಗುತ್ತದೆ. ಸದ್ಯಕ್ಕೆ ‘ತಲೆ ತಗ್ಗಿಸಿದ ನೂರು ವರ್ಷ’ ಅಂತ ಬರೆದಿಟ್ಟಿದ್ದೇನೆ.

ಇನ್ನೊಂದು ಮಾತು. ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ‘ಕಾರ್ನ್‌ವಾಲಿಸ್’ ಅನ್ನುವ ಬ್ರಿಟಿಷ್ ಯುದ್ಧನೌಕೆಯ ಮೇಲೆ. ಅದು 1813ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಸಾಗವಾನಿ ಹಡಗು. ಚೀನಾಕ್ಕೆ ಹೋದ ಅಫೀಮೂ ನಮ್ಮ ನೆಲದ್ದೇ. ಹಾಗಾಗಿ ಇದು ದೂರದವರ ಪದ ಅಂತ ಏನೋ ಒಂದು ಬರೆದು ಮುಗಿಸಲು ಮನಸ್ಸಾಗುತ್ತಿಲ್ಲ.

ಈಗ ನಿಮ್ಮನ್ನು ಕೇಳುವುದು ಎರಡು. ‘ತಲೆ ತಗ್ಗಿಸು’ವನ್ನು ‘ತಲೆತಗ್ಗು’ ಅಂತ ನಾಮಪದ ಮಾಡಿದರೆ ಕಿವಿಗೆ ಒಪ್ಪುತ್ತದೆಯೇ? ಶಿರಸಿ, ಕುಮಟಾ, ಅಂಕೋಲೆ ಕಡೆಯವರು ‘ಅವಮರ್ಯಾದೆ’ಯನ್ನು ಇನ್ನೊಬ್ಬರು ಮಾಡಿದ್ದಕ್ಕೆ ಮಾತ್ರ ಬಳಸುತ್ತೀರಾ, ತಾವೇ ತಂದುಕೊಂಡದ್ದಕ್ಕೂ ಬಳಸುತ್ತೀರಾ? ಮನೆಯಲ್ಲಿ ಹಿರಿಯರು ಆಡುವ ಒಂದು ವಾಕ್ಯ ಬರೆದು ಕಳಿಸಿದರೆ ತುಂಬಾ ಉಪಕಾರ.