ಆಮ್ಲ ತಾಗಿದರೆ ಮೊದಲು ಏನು ಮಾಡಬೇಕು? ರಸಾಯನಶಾಸ್ತ್ರ ಬಳಗದ ಪ್ರಶ್ನೋತ್ತರ

ನಿರ್ವಾಹಕರು: ಪ್ರಾಯೋಗಿಕ ಪರೀಕ್ಷೆಗಳು ಹತ್ತಿರವಾಗುತ್ತಿರುವುದರಿಂದ, ಪ್ರಯೋಗಾಲಯದ ಆಮ್ಲಗಳ ಬಗ್ಗೆ ಕೇಳಬೇಕಾದುದನ್ನು ಇಂದು ಸಂಜೆ ಇಲ್ಲಿ ಕೇಳಬಹುದು. ಬಳ್ಳಾರಿ ಕಡೆಯ ಅದಿರು ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಸುರಕ್ಷತೆಯ ಹೊಣೆ ಹೊತ್ತಿರುವ ರಸಾಯನತಜ್ಞೆಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ಗಂಗಾವತಿಯ ಉಪನ್ಯಾಸಕ: ನಮಸ್ಕಾರ ಮೇಡಂ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಸಾರರಿಕ್ತಗೊಳಿಸುವಾಗ ನಮ್ಮ ಸಹಾಯಕರು ಅಳತೆಯ ಸಿಲಿಂಡರ್‌ನಲ್ಲೇ ನೀರು ಮತ್ತು ಆಮ್ಲವನ್ನು ಬೆರೆಸುತ್ತಾರೆ. ಇದುವರೆಗೆ ಏನೂ ಆಗಿಲ್ಲ. ಮುಂದುವರಿಸಬಹುದೇ?

ರಸಾಯನತಜ್ಞೆ: ನಮಸ್ಕಾರ. ಮುಂದುವರಿಸಬಾರದು. ಸಿಲಿಂಡರ್ ಅಳೆಯಲು ಇರುವುದೇ ಹೊರತು ಬಿಸಿ ತಡೆಯಲು ಇರುವುದಲ್ಲ, ಅದರ ದಪ್ಪ ತಳ ಏಕಾಏಕಿ ಕಾದರೆ ಸೀಳಿಬಿಡುತ್ತದೆ. ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜಿನ ಬೀಕರನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು, ಅದರಲ್ಲಿ ಮೊದಲು ನೀರು ಹಾಕಿ, ಆಮ್ಲವನ್ನು ಬೀಕರಿನ ಒಳಗೋಡೆಯ ಮೇಲೆ ಸಣ್ಣ ಧಾರೆಯಾಗಿ ಬಿಡುತ್ತ ಗಾಜಿನ ಕಡ್ಡಿಯಿಂದ ಕಲಕುತ್ತಿರಬೇಕು. ಶೇಕಡ 98ರ ಆಮ್ಲದ ತೂಕ ಅಷ್ಟೇ ಗಾತ್ರದ ನೀರಿನ 1.84 ಪಟ್ಟು ಇರುವುದರಿಂದ, ಆಮ್ಲದ ಮೇಲೆ ನೀರು ಸುರಿದರೆ ಹಗುರವಾದ ನೀರು ಮೇಲೆಯೇ ನಿಂತು, ಬೆರೆಯುವ ಗೆರೆಯಲ್ಲೇ ಕುದಿದು, ಆಮ್ಲವನ್ನು ಮುಖಕ್ಕೆ ಎರಚುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರು ಮೊದಲೇ ಬಿಸಿಯಾಗಿರುತ್ತದೆ, ಆ ನೀರನ್ನು ಇದಕ್ಕೆ ಬಳಸಬೇಡಿ.

ಮಾನ್ವಿಯ ಸದಸ್ಯ: ಮೇಡಂ, ಆಮ್ಲವನ್ನು ನೀರಿಗೆ ಹಾಕಬೇಕೋ, ನೀರನ್ನು ಆಮ್ಲಕ್ಕೋ?

ರಸಾಯನತಜ್ಞೆ: ಆಮ್ಲವನ್ನು ನೀರಿಗೆ. ಮೇಲಿನ ಉತ್ತರ ಓದಿ.

ರಾಯಚೂರಿನ ಸದಸ್ಯ: ಒಂದು ಉಪಯುಕ್ತ ಸಂದೇಶ ಬಂದಿದೆ. ಆಮ್ಲ ಬಿದ್ದ ಜಾಗಕ್ಕೆ ತಕ್ಷಣ ಟೂತ್‌ಪೇಸ್ಟ್ ಅಥವಾ ಮೊಟ್ಟೆಯ ಬಿಳಿಭಾಗ ಹಚ್ಚಿ, ಅದರ ಮೇಲೆ ಅರಿಶಿನ ಉದುರಿಸಿದರೆ ಕಲೆ ಉಳಿಯುವುದಿಲ್ಲವಂತೆ. ಎಲ್ಲ ವಿದ್ಯಾರ್ಥಿಗಳಿಗೂ ತಲುಪಿಸೋಣವೇ?

ರಸಾಯನತಜ್ಞೆ: ತಲುಪಿಸಬೇಡಿ. ಹುಡುಗನೊಬ್ಬನ ಕೈ ಸುಡುತ್ತಿರುವಾಗ ನೀವು ಮೊಟ್ಟೆ ಹುಡುಕುತ್ತ ಅಡುಗೆಮನೆಗೆ ಹೋಗಿ ಬರುವ ಹೊತ್ತಿಗೆ ಆಮ್ಲ ತನ್ನ ಕೆಲಸ ಮುಗಿಸಿರುತ್ತದೆ. ಪೇಸ್ಟ್ ಆಮ್ಲವನ್ನು ಚರ್ಮದ ಮೇಲೇ ಹಿಡಿದಿಡುತ್ತದೆ. ಆಮೇಲೆ ಗಾಯದ ಆಳ ನೋಡಲು ವೈದ್ಯರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ. ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು, ತೊಳೆಯುತ್ತಲೇ ಆಮ್ಲ ತಾಗಿದ ಬಟ್ಟೆ, ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆಯಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹಾಲು, ಗುಲಾಬಿ ನೀರು ಯಾವುದೂ ಬೇಡ. ನಮ್ಮ ಊರುಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲವೆಂಬುದು ನನಗೂ ಗೊತ್ತು. ಆದ್ದರಿಂದಲೇ ಪ್ರಯೋಗಾಲಯದೊಳಗೆ ಕೊಳಾಯಿ ಕೂಡಿಸಿದ ದೊಡ್ಡ ಡ್ರಮ್ಮೊಂದನ್ನು ತುಂಬಿಡಿ, ಅದು ಖಾಲಿ ಇರುವ ದಿನ ಆಮ್ಲದ ಬಾಟಲಿ ತೆರೆಯಬೇಡಿ.

ಸಿಂಧನೂರಿನ ನಿವೃತ್ತ ಉಪನ್ಯಾಸಕ: ಕ್ಷಮಿಸಿ, ಒಂದು ಭಿನ್ನಾಭಿಪ್ರಾಯವಿದೆ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಮೊದಲು ಒಣಬಟ್ಟೆಯಿಂದ ಒರೆಸಿ, ಅನಂತರವೇ ನೀರು ಹಾಕಬೇಕೆಂದು ನಾವು ಓದಿದ ಪ್ರಯೋಗ ಕೈಪಿಡಿಯಲ್ಲಿತ್ತು. ನೀರು ತಾಗಿದರೆ ಶಾಖ ಹುಟ್ಟುತ್ತದೆಯೆಂದು ನೀವೇ ಈಗ ತಾನೇ ಬರೆದಿದ್ದೀರಿ.

ಕೊಪ್ಪಳದ ಉಪನ್ಯಾಸಕಿ: ಸರ್, ಆ ಮಾತು ಹಳೆಯದು. ಬಟ್ಟೆ ಹುಡುಕಲು ಹೋದರೆ ಹೊತ್ತು ಹೋಗುತ್ತದೆ, ಉಜ್ಜಿದರೆ ಸುಟ್ಟ ಚರ್ಮ ಕಿತ್ತು ಬರುತ್ತದೆ.

ಸಿಂಧನೂರಿನ ನಿವೃತ್ತ ಉಪನ್ಯಾಸಕ: ಹಳೆಯದೆಲ್ಲ ತಪ್ಪಾಗಿರಬೇಕೆಂದಿಲ್ಲ, ತಂಗಿ. ನಾವು ಆ ಆಮ್ಲದೊಂದಿಗೆ ಒಂದು ತಲೆಮಾರು ಕೆಲಸ ಮಾಡಿದ್ದೇವೆ.

ರಸಾಯನತಜ್ಞೆ: ಸರ್, ಶಾಖ ಹುಟ್ಟುವುದು ನಿಜ. ಲೋಟ ನೀರು ಚಿಮುಕಿಸಿದರೆ ಆ ಶಾಖ ಚರ್ಮದಲ್ಲೇ ಉಳಿಯುತ್ತದೆ. ಧಾರಾಳವಾಗಿ ಹರಿಯುವ ನೀರು ಆಮ್ಲವನ್ನೂ ಶಾಖವನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಮೈಮೇಲೆ ಆಮ್ಲ ಕಾಣುವಷ್ಟು ನಿಂತಿದ್ದು, ಬಟ್ಟೆ ಕೈಯಲ್ಲೇ ಇದ್ದರೆ, ಉಜ್ಜದೆ ಒತ್ತಿ ಹೀರಿಸಿ, ಮರುಕ್ಷಣವೇ ನೀರಿಗೆ ಹೋಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಬಟ್ಟೆಯ ನೆಪದಲ್ಲಿ ನೀರು ತಡವಾಗುವುದಕ್ಕೆ ಮಾತ್ರ ಆಕ್ಷೇಪವಿದೆ.

ಕುಷ್ಟಗಿಯ ಸದಸ್ಯ: ತೊಳೆಯುವ ಬದಲು ಅಡುಗೆ ಸೋಡಾ ಸುರಿದರೆ ಆಮ್ಲ ತಟಸ್ಥವಾಗುವುದಿಲ್ಲವೇ?

ರಸಾಯನತಜ್ಞೆ: ಸೋಡಾ ನೆಲಕ್ಕೆ ಮತ್ತು ಮೇಜಿಗೆ. ಮೈಗೆ ನೀರು.

ದೇವದುರ್ಗದ ಪ್ರಯೋಗಾಲಯ ಸಹಾಯಕ: ಕೆಲಸದ ವೇಳೆ ಸುಟ್ಟುಕೊಂಡರೆ ಗುತ್ತಿಗೆ ಸಹಾಯಕರ ಚಿಕಿತ್ಸೆಯ ವೆಚ್ಚವನ್ನು ಯಾರು ಭರಿಸುತ್ತಾರೆ? ತಿಳಿದವರು ಹೇಳಬೇಕಾಗಿ ವಿನಂತಿ.

ಸಂಡೂರಿನ ಸದಸ್ಯ: ಮೇಡಂ, ನಾನು ಕಬ್ಬಿಣದ ಅದಿರು ಪರೀಕ್ಷಿಸುವ ಖಾಸಗಿ ಪ್ರಯೋಗಾಲಯದಲ್ಲಿದ್ದೇನೆ. ಇಂದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಸಿಲಿಕಾ (ಮರಳಿನಲ್ಲಿರುವ ವಸ್ತು) ಪರೀಕ್ಷೆಗಾಗಿ ಶೇಕಡ 40ರ ಹೈಡ್ರೋಫ್ಲೋರಿಕ್ ಆಮ್ಲ ಬಳಸುವಾಗ ಕೈಗವಸಿನ ತುದಿ ಒದ್ದೆಯಾದಂತೆ ಕಂಡಿತು. ತೆಗೆದು ಸ್ವಲ್ಪ ಹೊತ್ತು ತೊಳೆದೆ. ಉರಿಯೂ ಇರಲಿಲ್ಲ, ಗುರುತೂ ಇರಲಿಲ್ಲ. ಈಗ ಏಳು ಗಂಟೆಗೆ ಬಲಗೈ ಹೆಬ್ಬೆರಳಿನ ಉಗುರಿನ ಕೆಳಗೆ ಬಡಿದಂತೆ ನೋವು ಶುರುವಾಗಿದೆ. ಬೆಳಿಗ್ಗೆಯವರೆಗೆ ಕಾಯಬಹುದೇ?

ರಸಾಯನತಜ್ಞೆ: ಕಾಯಬಾರದು. ಮೊದಲು ಬೆರಳನ್ನು ನೀರಿನ ಕೆಳಗೆ ಹಿಡಿಯಿರಿ. ಈ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ನಿಮ್ಮಲ್ಲಿದೆಯೇ? ಇದ್ದರೆ ಐದು ನಿಮಿಷ ತೊಳೆದು, ಹೊಸ ಕೈಗವಸಿನ ಹೆಬ್ಬೆರಳಲ್ಲಿ ಜೆಲ್ ತುಂಬಿ, ಕೈ ತೂರಿಸಿ, ಉಜ್ಜಿಕೊಳ್ಳುತ್ತಲೇ ಹೊರಡಿ. ಇಲ್ಲದಿದ್ದರೆ ಗಾಡಿ ಸಿದ್ಧವಾಗುವವರೆಗೆ ತೊಳೆಯುತ್ತಲೇ ಇರಿ. ನೀವೇ ಬೈಕ್ ಓಡಿಸಬೇಡಿ. ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬನ್ನಿ, ಹೊರಡುವ ಮೊದಲೇ ಫೋನ್ ಮಾಡಿಸಿ. ಆಮ್ಲದ ಹೆಸರನ್ನು ಮತ್ತು ಶೇಕಡ 40 ಎಂಬುದನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ, ಏಕೆಂದರೆ ಬಾಯಲ್ಲಿ ಹೇಳಿದರೆ ಅವಸರದಲ್ಲಿ ಹೈಡ್ರೋಕ್ಲೋರಿಕ್ ಎಂದು ಕೇಳಿಸಿಕೊಳ್ಳುತ್ತಾರೆ, ಎರಡರ ಚಿಕಿತ್ಸೆಯೇ ಬೇರೆ.

ಸಂಡೂರಿನ ಸದಸ್ಯ: ಜೆಲ್ ಇಲ್ಲ ಮೇಡಂ. ಗೆಳೆಯನ ಕಾರು ಬರುತ್ತಿದೆ.

ಸಿರುಗುಪ್ಪದ ಸದಸ್ಯ: ಇಷ್ಟು ಗಾಬರಿ ಏಕೆ? ಹೈಡ್ರೋಫ್ಲೋರಿಕ್ ಒಂದು ದುರ್ಬಲ ಆಮ್ಲವೆಂದು ಪಿಯುಸಿ ಪುಸ್ತಕದಲ್ಲೇ ಇದೆ.

ರಸಾಯನತಜ್ಞೆ: ಪುಸ್ತಕದಲ್ಲಿರುವುದು ಸರಿ, ಅದರಿಂದ ನೀವು ತೆಗೆದ ತೀರ್ಮಾನ ತಪ್ಪು. ನೀರಿನಲ್ಲಿ ಪೂರ್ತಿ ಅಯಾನುಗಳಾಗಿ (ವಿದ್ಯುದಂಶ ಹೊತ್ತ ಕಣಗಳಾಗಿ) ಒಡೆಯದಿರುವುದರಿಂದ ಅದನ್ನು ದುರ್ಬಲ ಎನ್ನುತ್ತಾರೆ. ಒಡೆಯದ ಆ ಅಣುವೇ ಚರ್ಮವನ್ನು, ಉಗುರನ್ನು ದಾಟಿ ಆಳಕ್ಕೆ ಇಳಿಯುತ್ತದೆ. ಇಳಿದ ಮೇಲೆ ಅದರ ಫ್ಲೋರೈಡ್ ಮೈಯಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುತ್ತದೆ, ನರಗಳು ಕೆರಳುತ್ತವೆ, ಕೆಳಗಿನ ಮೂಳೆಯೂ ಸವೆಯಬಹುದು. ಶೇಕಡ 50ಕ್ಕಿಂತ ಹೆಚ್ಚಿನದು ತಾಗಿದರೆ ಕೂಡಲೇ ಉರಿಯುತ್ತದೆ. ಶೇಕಡ 20ರಿಂದ 50ರ ನಡುವಿನದಾದರೆ ನೋವು ಒಂದರಿಂದ ಎಂಟು ಗಂಟೆ ತಡವಾಗಿ ಬರಬಹುದು, 20ಕ್ಕಿಂತ ಕಡಿಮೆಯದಾದರೆ ಇಡೀ ದಿನ ತಡವಾಗಬಹುದು. ಸಂಡೂರಿನವರ ಬೆರಳು ಆರು ಗಂಟೆ ಸುಮ್ಮನಿದ್ದದ್ದು ಈ ಲೆಕ್ಕಕ್ಕೇ ಸರಿಹೊಂದುತ್ತದೆ. ಅತಿ ಸಾಂದ್ರವಾದದ್ದು ಮೈಯ ಶೇಕಡ ಎರಡೂವರೆಯಷ್ಟು ಭಾಗವನ್ನು ಸುಟ್ಟಾಗಲೂ, ರಕ್ತದ ಕ್ಯಾಲ್ಸಿಯಂ ಕುಸಿದು, ಹೃದಯದ ಬಡಿತ ಕೆಟ್ಟು ಸಾವು ಸಂಭವಿಸಿದ ದಾಖಲೆಯಿದೆ. ಹೆಬ್ಬೆರಳಿಗೆ ಅಷ್ಟಾಗುವ ಭಯ ಕಡಿಮೆ, ಆದರೆ ಬೆರಳು ಉಳಿಯಬೇಕಲ್ಲ.

ಅದಿರಿನಲ್ಲಿ ಸಿಲಿಕಾ ಎಷ್ಟಿದೆಯೆಂದು ತಿಳಿಯಲು, ಪ್ಲಾಟಿನಂ ಮೂಸೆಯಲ್ಲಿ ಕೆಲವು ಹನಿ ಸಲ್ಫ್ಯೂರಿಕ್ ಆಮ್ಲದೊಂದಿಗೆ ಹೈಡ್ರೋಫ್ಲೋರಿಕ್ ಆಮ್ಲವನ್ನು ಹಾಕಿ ಕಾಯಿಸುತ್ತೇವೆ. ಸಿಲಿಕಾ ಅನಿಲವಾಗಿ ಹೊರಟುಹೋಗುತ್ತದೆ, ಕಡಿಮೆಯಾದ ತೂಕವೇ ಉತ್ತರ. ಗಾಜನ್ನು ತಿನ್ನುವ ಈ ಆಮ್ಲ ಪಾಲಿಥಿನ್ ಬಾಟಲಿಯಲ್ಲೇ ಇರಬೇಕು. ತೆಳ್ಳನೆಯ ಲ್ಯಾಟೆಕ್ಸ್ ಕೈಗವಸು ಇದಕ್ಕೆ ಸಾಲದು, ದಪ್ಪನೆಯ ನಿಯೋಪ್ರೀನ್ ಅಥವಾ ಬ್ಯೂಟೈಲ್ ರಬ್ಬರಿನದು ಬೇಕು, ಹಾಕುವ ಮೊದಲು ಊದಿ ತೂತು ನೋಡಬೇಕು. ಜೆಲ್ ಇಲ್ಲದ ಪ್ರಯೋಗಾಲಯದಲ್ಲಿ ಈ ಬಾಟಲಿ ಇರಕೂಡದು. ವೈದ್ಯಮಿತ್ರರಿಗೆ: ಶೇಕಡ 10ರ ಕ್ಯಾಲ್ಸಿಯಂ ಗ್ಲೂಕೋನೇಟ್ ಇಂಜೆಕ್ಷನ್ 10 ಮಿಲಿಲೀಟರನ್ನು, ನೀರಿನಲ್ಲಿ ಕರಗುವ 30 ಮಿಲಿಲೀಟರ್ ಜೆಲ್ಲಿಯಲ್ಲಿ ಬೆರೆಸಿದರೆ ಬೇಕಾದ ಶೇಕಡ 2.5ರ ಜೆಲ್ ಆಸ್ಪತ್ರೆಯಲ್ಲೇ ಆಗುತ್ತದೆ.

ರಾಯಚೂರಿನ ಸದಸ್ಯ: ಕ್ಯಾಲ್ಸಿಯಂ ಬೇಕೆಂದರೆ ಎಲೆಯಡಿಕೆಯ ಸುಣ್ಣವನ್ನೇ ಹಚ್ಚಬಹುದಲ್ಲ? ಎಲ್ಲರ ಮನೆಯಲ್ಲೂ ಸಿಗುತ್ತದೆ.

ರಸಾಯನತಜ್ಞೆ: ಸುಣ್ಣ ತಾನೇ ಚರ್ಮ ಸುಡುವ ಕ್ಷಾರ. ಮನೆಯಲ್ಲಿ ಸಿಗುತ್ತದೆಂಬುದು ಔಷಧಿಯ ಲಕ್ಷಣವಲ್ಲ. ಸಂಡೂರಿನವರೇ, ಈ ಸುಣ್ಣದ ಸಲಹೆಯನ್ನು ನೀವು ಓದಿದ್ದರೆ ದಯವಿಟ್ಟು ಮರೆತುಬಿಡಿ.

ಮಾನ್ವಿಯ ಸದಸ್ಯ: ಟಾಯ್ಲೆಟ್ ತೊಳೆಯುವ ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಚೆನ್ನಾಗಿ ಬೆಳ್ಳಗಾಗುತ್ತದೆ, ಸರಿಯೇ?

ರಸಾಯನತಜ್ಞೆ: ಕ್ಲೋರಿನ್ ಅನಿಲ ಬರುತ್ತದೆ. ಎಂದೂ ಬೆರೆಸಬೇಡಿ.

ಕೊಪ್ಪಳದ ಉಪನ್ಯಾಸಕಿ: ಮೊದಲು ಆ ಆಸಿಡ್ ಬೀದಿಯಲ್ಲಿ ಸಿಗುವುದೇ ನಿಲ್ಲಬೇಕು. ಕೊಳ್ಳುವವರ ಹೆಸರು, ವಿಳಾಸ ಬರೆದಿಡದೆ, ಗುರುತಿನ ಚೀಟಿ ನೋಡದೆ ಯಾರಿಗೂ ಆಮ್ಲ ಮಾರಬಾರದು, 18 ವರ್ಷ ತುಂಬದವರಿಗಂತೂ ಮಾರಲೇಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ.

ಸಿರುಗುಪ್ಪದ ಸದಸ್ಯ: ಆದೇಶ ಓದುವವರು ಬೇರೆ, ಬಚ್ಚಲು ತೊಳೆಯುವವರು ಬೇರೆ. ಬಡವರು ದುಬಾರಿ ಕ್ಲೀನರ್ ಎಲ್ಲಿಂದ ತರಬೇಕು?

ಕೊಪ್ಪಳದ ಉಪನ್ಯಾಸಕಿ: ಆ ಆಮ್ಲದಿಂದ ಮುಖ ಕಳೆದುಕೊಂಡವರ ಮುಂದೆ ಈ ಪ್ರಶ್ನೆ ಕೇಳಿ ನೋಡಿ.

ಸಿರುಗುಪ್ಪದ ಸದಸ್ಯ: ಮಾತನ್ನು ತಿರುಚಬೇಡಿ ಮೇಡಂ. ಪಾಠ ಮಾಡುವ ಚಾಳಿ ತರಗತಿಯಲ್ಲಿರಲಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಬೇಕು. ವಿಷಯಕ್ಕೆ ಬನ್ನಿ.

ಲಿಂಗಸುಗೂರಿನ ಉಪನ್ಯಾಸಕ: ಕೋಣೆಯಲ್ಲಿಟ್ಟ ಸಾಂದ್ರ ಅಮೋನಿಯಾ ಬಾಟಲಿ ಏಪ್ರಿಲ್‌ನಲ್ಲಿ ಮುಚ್ಚಳ ತೆರೆದ ಕೂಡಲೇ ಚಿಮ್ಮುತ್ತದೆ. ಏನು ಮಾಡಬೇಕು?

ರಸಾಯನತಜ್ಞೆ: ಬಿಸಿಗೆ ಒಳಗಿನ ಒತ್ತಡ ಏರಿರುತ್ತದೆ. ಬಾಟಲಿಯನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಕನ್ನಡಕ ಧರಿಸಿ, ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ.

ಮಾನ್ವಿಯ ಸದಸ್ಯ: ನಾಳೆ ವಿದ್ಯಾರ್ಥಿಗಳಿಗೆ ಹೇಳಬೇಕಾಗಿದೆ, ಆಮ್ಲವನ್ನು ನೀರಿಗೆ ಎಂಬುದೇ ಅಂತಿಮವೇ?

ರಸಾಯನತಜ್ಞೆ: ಹೌದು. ಇನ್ನೊಮ್ಮೆ ಕೇಳಬೇಡಿ.

ಸಂಡೂರಿನ ಸದಸ್ಯ: ಆಸ್ಪತ್ರೆ ತಲುಪಿದ್ದೇವೆ. ಚೀಟಿ ನೋಡಿ ತಕ್ಷಣ ಒಳಗೆ ಕರೆದರು. ಇ.ಸಿ.ಜಿ. ತೆಗೆದು, ರಕ್ತ ಪಡೆದು, ಜೆಲ್ ತುಂಬಿದ ಕೈಗವಸು ಹಾಕಿದ್ದಾರೆ. ಬೆರಳಿನ ನೋವು ಸ್ವಲ್ಪ ಇಳಿದಿದೆ. ರಾತ್ರಿ ಇಲ್ಲೇ ಇರಬೇಕಂತೆ.

ರಸಾಯನತಜ್ಞೆ: ಒಳ್ಳೆಯದಾಯಿತು. ನೋವು ಮತ್ತೆ ಏರಿದರೆ ಸಹಿಸಿಕೊಂಡು ಮಲಗದೆ ಕೂಡಲೇ ಹೇಳಿ. ಚಿಕಿತ್ಸೆ ಸಾಲುತ್ತಿದೆಯೇ ಎಂಬುದು ಅವರಿಗೆ ಆ ನೋವಿನಿಂದಲೇ ತಿಳಿಯುತ್ತದೆ. ಇನ್ನೊಂದು ಮಾತು. ಮಧ್ಯಾಹ್ನ ತೆಗೆದ ಆ ಕೈಗವಸನ್ನು ಎಲ್ಲಿ ಎಸೆದಿರಿ?

ಸಂಡೂರಿನ ಸದಸ್ಯ: ಮೇಜಿನ ಕೆಳಗಿನ ಕಸದ ಬುಟ್ಟಿಯಲ್ಲಿ.

ರಸಾಯನತಜ್ಞೆ: ನಿಮ್ಮ ಮೇಲ್ವಿಚಾರಕರಿಗೆ ಈಗಲೇ ಫೋನ್ ಮಾಡಿ. ಬೆಳಿಗ್ಗೆ ಕಸ ತೆಗೆಯಲು ಬರುವವರು ಆ ಬುಟ್ಟಿಗೆ ಬರಿಗೈ ಹಾಕುವ ಮೊದಲು ಕೋಣೆಗೆ ಬೀಗ ಬೀಳಬೇಕು.