ಪದಚರ್ಚೆ: ವಿಕ್ಟೋರಿಯಾ ಕಾಲದ ನಾಟಕಶಾಲೆಯಲ್ಲಿ ಕೊಲೆ, ಪತ್ತೆಗೆ ಒಬ್ಬ ಹೆಂಗಸು – ಯಾವ ಪದ ಬಳಸೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 1880ರ ದಶಕದ ಲಂಡನ್. ನಾಟಕ ನಡೆಯುತ್ತಿರುವಾಗಲೇ ಒಬ್ಬ ನಟನ ಕೊಲೆ. ಪತ್ತೆಗೆ ಇಳಿಯುವವಳು ಒಬ್ಬ ಹೆಂಗಸು. ಇಂಥ ಕಥೆಯನ್ನು ಕನ್ನಡಕ್ಕೆ ತರುವಾಗ ಕೆಲವು ಪದಗಳು ಕೈಗೆ ಸಿಗುತ್ತಿಲ್ಲ. ಗ್ರೀನ್ ರೂಮ್, ಪ್ರಾಂಪ್ಟ್ ಸೈಡ್, ಫ್ಲೈಸ್, ಲೈಮ್‌ಲೈಟ್, ಸೂಪರ್, ಸ್ಟೇಜ್ ಡೋರ್ ಇವಕ್ಕೆ ನಿಘಂಟಿನ ಅರ್ಥ ಹಾಕಿದರೆ ಕಥೆಯ ಸುಳಿವುಗಳೇ ಕಳಚಿಕೊಳ್ಳುತ್ತವೆ. ಪಾತ್ರಗಳು ಆಡುವ ಎರಡು ಮಾತುಗಳೂ ಅರ್ಥವಾಗುತ್ತಿಲ್ಲ: ಒಬ್ಬಳು ‘ಅವನು ನನ್ನನ್ನು ಕಾರ್ಪ್ಸ್ ಮಾಡಿದ’ ಅನ್ನುತ್ತಾಳೆ, ಇನ್ನೊಬ್ಬ ‘ಘೋಸ್ಟ್ ನಡೆಯಿತಾ?’ ಎಂದು ಕೇಳುತ್ತಾನೆ. ಕೊನೆಯದಾಗಿ, ‘ಲೇಡಿ ಡಿಟೆಕ್ಟಿವ್’ಗೆ ಪತ್ತೇದಾರಿ, ಪತ್ತೇದಾರಿಣಿ, ಮಹಿಳಾ ಪತ್ತೇದಾರ – ಯಾವುದು ಸರಿ? ‘ಇನ್‌ಕ್ವೆಸ್ಟ್’ ಅಂದರೆ ನಮ್ಮ ಪಂಚನಾಮೆಯೇ?

ಉತ್ತರ: ರಂಗದ ಪದಗಳು

ಮೊದಲು ಗ್ರೀನ್ ರೂಮ್. ಹೆಚ್ಚು ಮಂದಿ ಎಡವುವುದು ಇಲ್ಲೇ. ನಮ್ಮಲ್ಲಿ ಗ್ರೀನ್ ರೂಂ ಅಂದರೆ ಬಣ್ಣ ಹಚ್ಚುವ ಕೋಣೆ, ಯಕ್ಷಗಾನದವರ ಚೌಕಿ ಇದ್ದ ಹಾಗೆ. ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ಹಾಗಲ್ಲ. ಬಣ್ಣ, ಉಡುಪು ಎಲ್ಲ ಡ್ರೆಸ್ಸಿಂಗ್ ರೂಮಿನಲ್ಲಿ. ಗ್ರೀನ್ ರೂಮ್ ಎಂಬುದು ವೇಷ ಕಟ್ಟಿಕೊಂಡು ಮುಗಿಸಿದವರು ತಮ್ಮ ಪ್ರವೇಶ ಬರುವವರೆಗೆ ಕೂರುವ ಕೋಣೆ. ಸೋಫಾ, ದೊಡ್ಡ ಕನ್ನಡಿ, ಬಂದು ಹೋಗುವ ಜನ. ಹೆಣ ಗ್ರೀನ್ ರೂಮಿನಲ್ಲಿ ಸಿಕ್ಕಿತು ಅಂದರೆ ಹತ್ತಾರು ಜನ ಓಡಾಡುವ ಜಾಗದಲ್ಲಿ ಸಿಕ್ಕಿತು ಎಂದು ಅರ್ಥ. ಕನ್ನಡದಲ್ಲಿ ‘ಗ್ರೀನ್ ರೂಂ’ ಎಂದೇ ಬಿಟ್ಟರೆ ಓದುಗರು ಚಿಲಕ ಹಾಕಿದ ಕೋಣೆಯನ್ನು ಕಲ್ಪಿಸಿಕೊಳ್ಳುತ್ತಾರೆ, ಆಗ ಇಡೀ ಒಗಟು ತಲೆಕೆಳಗು. ‘ನಟರು ಕೂರುವ ಕೋಣೆ’ ಅನ್ನಿ. ಡ್ರೆಸ್ಸಿಂಗ್ ರೂಮಿಗೆ ‘ಬಣ್ಣದ ಕೋಣೆ’ ಇಟ್ಟುಕೊಳ್ಳಿ.

ಪ್ರಾಂಪ್ಟ್ ಸೈಡ್: ಮಾತು ಮರೆತ ನಟರಿಗೆ ಮರೆಯಿಂದ ನೆನಪಿಸುವ ಪ್ರಾಂಪ್ಟರ್ ಕೂರುವ ಮಗ್ಗುಲು. ಬ್ರಿಟನ್ನಿನಲ್ಲಿ ಇದು ಸಾಮಾನ್ಯವಾಗಿ ನಟನ ಎಡಗಡೆ, ಅಂದರೆ ಪ್ರೇಕ್ಷಕರ ಬಲಗಡೆ. ಎದುರಿನ ಮಗ್ಗುಲು ಓ.ಪಿ., ಅಂದರೆ ಆಪೋಸಿಟ್ ಪ್ರಾಂಪ್ಟ್. ಕೆಲವು ನಾಟಕಶಾಲೆಗಳಲ್ಲಿ ಇದು ಅದಲು ಬದಲಾಗಿರುತ್ತದೆ, ಹಾಗಾಗಿ ಮೂಲದಲ್ಲಿ ಬೇರೆ ಸೂಚನೆ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಬರೇ ‘ಎಡ ವಿಂಗ್’ ಎಂದು ಬರೆದರೆ ಯಾರ ಎಡ ಎಂಬ ಗೊಂದಲ ಉಳಿಯುತ್ತದೆ. ಗ್ಯಾಲರಿಯಲ್ಲಿ ಕೂತ ಸಾಕ್ಷಿ ‘ಬಲಗಡೆಯಿಂದ ಒಬ್ಬ ಓಡಿದ’ ಅನ್ನುತ್ತಾನೆ, ನಟಿ ‘ಎಡಗಡೆಯಿಂದ’ ಅನ್ನುತ್ತಾಳೆ, ಇಬ್ಬರೂ ಹೇಳುತ್ತಿರುವುದು ಒಂದೇ ಜಾಗ. ಅನುವಾದಕರು ಇದನ್ನು ಸರಿಪಡಿಸಲು ಹೋಗಬಾರದು. ‘ಪ್ರಾಂಪ್ಟರ್ ಕಡೆ’, ‘ಪ್ರಾಂಪ್ಟರಿನ ಎದುರು ಕಡೆ’ – ಇವೆರಡೂ ಸಾಕು. ಸೈಡ್ ವಿಂಗ್, ಪರದೆ, ಪ್ರಾಂಪ್ಟರ್ ಇವೆಲ್ಲ ಪಾರ್ಸಿ ಕಂಪನಿಗಳ ಮೂಲಕ ನಮ್ಮ ಕಂಪನಿ ನಾಟಕಗಳಿಗೂ ಬಂದಿಳಿದ ಪದಗಳು. ಅವನ್ನು ಹಾಗೇ ಬಳಸಲು ಅಳುಕಬೇಡಿ.

ಫ್ಲೈಸ್ ಅಂದರೆ ರಂಗದ ನೆತ್ತಿಯ ಮೇಲಿನ ಜಾಗ. ‘ಅಟ್ಟ’ ಅನ್ನುವುದು ಅಚ್ಚುಕಟ್ಟಾಗಿ ಹೊಂದುತ್ತದೆ. ಅಲ್ಲಿ ನಿಂತು ಬಣ್ಣ ಬಳಿದ ಪರದೆಗಳನ್ನು ಸೆಣಬಿನ ಹಗ್ಗದಿಂದ ಕೈಯಲ್ಲೇ ಎಳೆದು ಗೂಟಕ್ಕೆ ಸುತ್ತುವವರು ‘ಅಟ್ಟದಾಳುಗಳು’. ಸೆಣಬಿನ ಹಗ್ಗ ತೇವಕ್ಕೆ ಬಿಗಿದು ಗಿಡ್ಡವಾಗುತ್ತದೆ, ಒಣಗಿದರೆ ಸಡಿಲ. ಮಳೆಯ ರಾತ್ರಿ ಪರದೆ ಮಟ್ಟ ತಪ್ಪಿ ನಿಂತದ್ದಕ್ಕೆ ಕೊಲೆಗಾರನೇ ಕಾರಣ ಆಗಬೇಕಿಲ್ಲ ಎಂಬುದು ಪತ್ತೆ ಹಚ್ಚುವವಳಿಗೆ ಗೊತ್ತಿರಬೇಕು. ರಂಗದ ನೆಲದಲ್ಲಿ ತೆರೆಯುವ ಟ್ರ್ಯಾಪ್‌ಗೆ ‘ಬೋನು’ ಬೇಡ, ‘ನೆಲಬಾಗಿಲು’.

ಲೈಮ್‌ಲೈಟ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಇಲ್ಲಿ ಲೈಮ್ ಅಂದರೆ ನಿಂಬೆ ಅಲ್ಲ, ಸುಣ್ಣ. ‘ಪ್ರಚಾರದ ಬೆಳಕು’ ಎಂಬ ಈಗಿನ ಅರ್ಥವೂ ಇಲ್ಲಿ ಸಲ್ಲದು. ಸುಟ್ಟ ಸುಣ್ಣದ ತುಂಡಿನ ಮೇಲೆ ಆಮ್ಲಜನಕ ಮತ್ತು ಜಲಜನಕದ ಉರಿ ಬಿಟ್ಟರೆ ಅದು ಕಣ್ಣು ಕೋರೈಸುವಷ್ಟು ಬೆಳ್ಳಗೆ ಹೊಳೆಯುತ್ತದೆ. ಥಾಮಸ್ ಡ್ರಮಂಡ್ 1820ರ ದಶಕದಲ್ಲಿ ಭೂಮಾಪನಕ್ಕೆ ಬಳಸಿದ್ದ ಈ ಬೆಳಕು 1837ರಲ್ಲಿ ಕೋವೆಂಟ್ ಗಾರ್ಡನ್ ನಾಟಕಶಾಲೆಗೆ ಬಂತು. ಅನಿಲಗಳು ಎರಡು ಬೇರೆ ಬೇರೆ ಚೀಲಗಳಲ್ಲಿ. ಹಲಗೆಗಳ ನಡುವೆ ಇಟ್ಟು ಮೇಲೆ ತೂಕ ಹೇರಿ ಒತ್ತುತ್ತಾರೆ. ಒಂದು ಚೀಲದ ಮೇಲಿನ ತೂಕ ಜಾರಿದರೆ ಇನ್ನೊಂದರ ಅನಿಲ ಹಿಂದಕ್ಕೆ ನುಗ್ಗಿ ಎರಡೂ ಬೆರೆತು ಸಿಡಿಯುತ್ತದೆ. ಸುಣ್ಣದ ತುಂಡು ಗಾಳಿಯ ತೇವ ಹೀರಿದರೆ ಅರಳಿ ಪುಡಿಯಾಗುವುದರಿಂದ ಅದನ್ನು ಗಾಳಿಯಾಡದ ಡಬ್ಬಿಯಲ್ಲೇ ಇಡಬೇಕು.

ಕಥೆಗೆ ಬೇಕಾದದ್ದು ಮುಂದಿನದು. ಉರಿ ಒಂದೇ ಕಡೆ ತಾಗುತ್ತಿದ್ದರೆ ಸುಣ್ಣದಲ್ಲಿ ಗುಳಿ ಬೀಳುತ್ತದೆ. ಗುಳಿಗೆ ತಾಗಿದ ಉರಿ ತಿರುಗಿ ಹೊಡೆದು ಮುಂದಿನ ಮಸೂರವನ್ನೇ ಒಡೆಯಬಹುದು. ಆದ್ದರಿಂದ ದೀಪದವನು ತುಂಡನ್ನು ಆಗಾಗ ತಿರುಗಿಸುತ್ತಲೇ ಇರಬೇಕು, ಕೂತ ಜಾಗ ಬಿಟ್ಟು ಹೋಗುವಂತಿಲ್ಲ. ‘ಅಂಕವಿಡೀ ನಾನು ಸುಣ್ಣದ ದೀಪದ ಹತ್ತಿರವೇ ಇದ್ದೆ’ ಎಂದು ಅವನು ಹೇಳಿದರೆ, ಬೆಳಕು ನಡುವೆ ಮಂಕಾಯಿತೇ ಎಂದು ಕೇಳಿದರೆ ಸಾಕು, ನಿಜ ಸುಳ್ಳು ಹೊರಬೀಳುತ್ತದೆ. ‘ಸ್ಪಾಟ್‌ಲೈಟ್’ ಎಂದು ಬರೆದರೆ ಈ ಸುಳಿವು ಸತ್ತಂತೆ. ‘ಸುಣ್ಣದ ದೀಪ’, ‘ಸುಣ್ಣದ ದೀಪದವನು’ ಎಂದೇ ಬರೆಯಿರಿ. ಉಳಿದ ಬೆಳಕೆಲ್ಲ ಆಗ ಗ್ಯಾಸಿನದು. ಲಂಡನ್ನಿನ ಸವಾಯ್ ನಾಟಕಶಾಲೆ 1881ರಲ್ಲಿ ವಿದ್ಯುತ್ ದೀಪಗಳೊಂದಿಗೇ ಶುರುವಾದರೂ ಬೇರೆಡೆ ಗ್ಯಾಸ್ ಬಹುಕಾಲ ಉಳಿಯಿತು. ಹಾಗಾಗಿ ‘ಸ್ವಿಚ್ ಆರಿಸಿದ’ ಬೇಡ, ‘ಗ್ಯಾಸ್ ತಗ್ಗಿಸಿದ’.

ಸೂಪರ್: ಗುಂಪಿನ ದೃಶ್ಯದಲ್ಲಿ ಸೈನಿಕ, ಸಂತೆಯ ಜನ ಎಂದು ನಿಲ್ಲಲು ದಿನಗೂಲಿಗೆ ಬಂದವರು. ‘ಸೂಪರ್’ ಎಂದೇ ಬಿಟ್ಟರೆ ನಮ್ಮವರು ಹೊಗಳಿಕೆ ಅಂದುಕೊಳ್ಳುತ್ತಾರೆ. ‘ಗುಂಪಿನ ಪಾತ್ರದವರು’ ಅನ್ನಿ. ಇವರ ಮುಖ ಯಾರಿಗೂ ನೆನಪಿರುವುದಿಲ್ಲ, ಕೊಲೆಗಾರ ನುಸುಳಲು ಇದಕ್ಕಿಂತ ಒಳ್ಳೆಯ ವೇಷ ಇಲ್ಲ. ಕಾಲ್ ಬಾಯ್ ‘ಕರೆಯುವ ಹುಡುಗ’: ಪ್ರತಿ ಪ್ರವೇಶಕ್ಕೆ ಮುಂಚೆ ಕೋಣೆ ಕೋಣೆಗೆ ಓಡಿ ನಟರನ್ನು ಎಬ್ಬಿಸುವವನು. ಸತ್ತವನ ದನಿ ಕೊನೆಗೆ ಕೇಳಿದ್ದು ಅವನೇ ಇರುತ್ತಾನೆ.

ಸ್ಟೇಜ್ ಡೋರ್ ‘ಹಿಂಬಾಗಿಲು’ ಅಲ್ಲ. ಅಲ್ಲಿ ಒಬ್ಬ ಕಾವಲಿನವನು ಕೂತಿರುತ್ತಾನೆ, ನಟರ ಕಾಗದಗಳು ಅವನ ಬಳಿಯೇ ಬರುತ್ತವೆ, ಯಾರು ಒಳಗೆ ಯಾರು ಹೊರಗೆ ಎಂಬುದು ಅವನಿಗೇ ಗೊತ್ತು. ‘ನಟರ ಬಾಗಿಲು’ ಸರಿ. ನಿಜ ಪ್ರಕರಣವೊಂದು ನೋಡಿ: 1897ರ ಡಿಸೆಂಬರ್ 16ರ ಸಂಜೆ ಅಡೆಲ್ಫಿ ನಾಟಕಶಾಲೆಯ ಹೆಸರಾಂತ ನಟ ವಿಲಿಯಂ ಟೆರಿಸ್‌ನನ್ನು ಕೆಲಸವಿಲ್ಲದ ನಟ ರಿಚರ್ಡ್ ಪ್ರಿನ್ಸ್ ಇರಿದು ಕೊಂದ. ‘ಸ್ಟೇಜ್ ಡೋರಿನಲ್ಲಿ ಕೊಲೆ’ ಎಂದೇ ಇದು ಜನಜನಿತ. ಆದರೆ ಟೆರಿಸ್ ಆಗ ಮೇಡನ್ ಲೇನ್ ಕಡೆಯ ಖಾಸಗಿ ಬಾಗಿಲನ್ನು ತನ್ನದೇ ಕೀಲಿಯಿಂದ ತೆರೆಯುತ್ತಿದ್ದ. ಕಾವಲಿನವನ ಬಾಗಿಲೋ ಖಾಸಗಿ ಬಾಗಿಲೋ ಎಂಬುದನ್ನು ಅನುವಾದ ಬಿಟ್ಟುಕೊಡಬಾರದು.

ಪ್ರಾಪರ್ಟಿ ಅಂದರೆ ಆಸ್ತಿಯಲ್ಲ, ರಂಗದ ಸಾಮಾನು. ‘ಪ್ರಾಪರ್ಟಿ ಚೂರಿ’ಯನ್ನು ‘ಆಟದ ಚೂರಿ’ ಅಂದರೆ ಮಕ್ಕಳ ಆಟಿಕೆ ಆಗುತ್ತದೆ, ‘ನಾಟಕದ ಚೂರಿ’ ಮೇಲು. 1896ರ ಆಗಸ್ಟಿನಲ್ಲಿ ಲಂಡನ್ನಿನ ನಾವೆಲ್ಟಿ ನಾಟಕಶಾಲೆಯಲ್ಲಿ ನಾಟಕದ ಚೂರಿಯ ಜಾಗದಲ್ಲಿ ನಿಜ ಚೂರಿ ಇದ್ದು, ಟೆಂಪಲ್ ಕ್ರೋಜಿಯರ್ ಎಂಬ ನಟ ರಂಗದ ಮೇಲೇ ಇರಿತಕ್ಕೆ ಸಿಕ್ಕಿ ಸತ್ತ.

ಆ ಎರಡು ಮಾತುಗಳು. ಕಾರ್ಪ್ಸ್ ಮಾಡುವುದು ಅಂದರೆ ಆ ಕಾಲದಲ್ಲಿ ಜೊತೆ ನಟನ ಮಾತು ತಪ್ಪಿಸಿ ಅವನನ್ನು ಕಕ್ಕಾಬಿಕ್ಕಿ ಮಾಡುವುದು. ‘ರಂಗದ ಮೇಲೆ ನಗು ತಡೆಯಲಾಗದಿರುವುದು’ ಎಂಬುದು ಆಮೇಲೆ ಬಂದ ಅರ್ಥ. ‘ಅವನು ನನ್ನ ಸೀನನ್ನೇ ಕೊಂದುಬಿಟ್ಟ’ ಅನ್ನಿ. ನಮ್ಮ ನಟರೂ ಆಡುವ ಮಾತು, ಕೊಲೆಯ ನೆರಳೂ ಉಳಿಯುತ್ತದೆ. ‘ಘೋಸ್ಟ್ ನಡೆಯಿತಾ?’ ಅಂದರೆ ವಾರದ ಬಟವಾಡೆ ಆಯಿತಾ ಎಂದು. ಇದನ್ನು ‘ಭೂತ ನಡೆಯಿತಾ?’ ಎಂದೇ ಇಟ್ಟು, ಎದುರಿನವನ ಬಾಯಲ್ಲಿ ‘ಇಲ್ಲಪ್ಪ, ಎರಡು ವಾರದ ಸಂಬಳ ಬಾಕಿ’ ಎಂದು ಹೇಳಿಸಿ. ಬೆನಿಫಿಟ್ ನೈಟ್ ಬಂದರೆ ‘ಸಹಾಯಾರ್ಥ ಪ್ರದರ್ಶನ’ ಬೇಡ. ಖರ್ಚು ಕಳೆದು ಉಳಿದ ಹಣ ಒಬ್ಬ ನಟನಿಗೆ ಸಲ್ಲುವ ಆಟ ಅದು, ಕಂಪನಿ ನಾಟಕದವರೂ ‘ಬೆನಿಫಿಟ್’ ಎಂದೇ ಕರೆಯುತ್ತಾರೆ.

ಇನ್ನೊಂದು ಉತ್ತರ: ಪತ್ತೆ ಮತ್ತು ಕಾನೂನು

ರಂಗದ ಪದಗಳಿಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಉಳಿದ ಎರಡಕ್ಕೆ ನನ್ನ ಅಭಿಪ್ರಾಯ.

‘ಪತ್ತೇದಾರಿ’ ನಮ್ಮಲ್ಲಿ ‘ಪತ್ತೇದಾರಿ ಕಾದಂಬರಿ’ ಎಂಬಂತೆ ವಿಶೇಷಣವಾಗಿ ಗಟ್ಟಿಯಾಗಿ ಕೂತುಬಿಟ್ಟಿದೆ. ‘ಪತ್ತೇದಾರಿ ಒಳಗೆ ಬಂದಳು’ ಎಂದರೆ ಓದು ಮುಗ್ಗರಿಸುತ್ತದೆ. ನಿರೂಪಣೆಯಲ್ಲಿ ‘ಪತ್ತೇದಾರಿಣಿ’ ಇರಲಿ. ಪಾತ್ರಗಳ ಬಾಯಲ್ಲಿ ಅದೂ ಬೇಡ. ಆಗ ಲಂಡನ್ ಪೊಲೀಸಿನಲ್ಲಿ ಹೆಂಗಸು ಪತ್ತೇದಾರರು ಇರಲಿಲ್ಲ. ಸ್ಕಾಟ್‌ಲೆಂಡ್ ಯಾರ್ಡಿನ ಪತ್ತೇದಾರಿ ವಿಭಾಗ 1842ರಲ್ಲಿ ಶುರುವಾದರೂ, ಬಂಧಿಸುವ ಪೂರ್ಣ ಅಧಿಕಾರ ಬ್ರಿಟನ್ನಿನಲ್ಲಿ ಹೆಂಗಸೊಬ್ಬಳಿಗೆ ಸಿಕ್ಕಿದ್ದು 1915ರಲ್ಲಿ, ಗ್ರಾಂಥಮ್‌ನ ಈಡಿತ್ ಸ್ಮಿತ್‌ಗೆ. ಆದರೆ 1857ರ ವಿಚ್ಛೇದನ ಕಾಯ್ದೆಯ ನಂತರ ಸಾಕ್ಷ್ಯ ಹುಡುಕಿಕೊಡುವ ಖಾಸಗಿ ವಿಚಾರಣಾ ಕಚೇರಿಗಳು ಬೆಳೆದವು, ಅವಕ್ಕೆ ಹೆಂಗಸರೂ ಕೆಲಸ ಮಾಡಿದರು. ಆದ್ದರಿಂದ ನಾಯಕಿ ‘ಖಾಸಗಿ ವಿಚಾರಣೆಯವಳು’. ಅವಳು ಯಾರನ್ನೂ ಬಂಧಿಸುವಂತಿಲ್ಲ, ಬಾಗಿಲು ತೆರೆಸುವ ವಾರಂಟೂ ಅವಳ ಕೈಯಲ್ಲಿಲ್ಲ. ‘ಮಹಿಳಾ ಪತ್ತೇದಾರ’ ಎಂದರೆ ಈಗಿನ ಮಹಿಳಾ ಪೊಲೀಸ್ ಠಾಣೆ ಕಣ್ಣಮುಂದೆ ಬರುತ್ತದೆ. ‘ಲೇಡಿ’ ಎಂಬ ಮಾತಿನಲ್ಲಿ ಮನೆತನ, ನಡೆ ನುಡಿಯ ಸೂಚನೆಯೂ ಇದೆ. ಅದನ್ನು ಪದದಲ್ಲಿ ತುರುಕುವ ಬದಲು ಮಾತುಕತೆಯಲ್ಲಿ ತೋರಿಸಿ: ಇನ್‌ಸ್ಪೆಕ್ಟರ್ ಅವಳಿಗೆ ‘ನೀವು, ಮೇಡಂ’ ಅನ್ನಲಿ, ಮುಖ್ಯ ನಟಿ ತನ್ನ ಉಡುಪಿನವಳಿಗೆ ‘ನೀನು’ ಅನ್ನಲಿ. ಮದುವೆಯಾದ ಎಷ್ಟೋ ನಟಿಯರೂ ರಂಗದಲ್ಲಿ ‘ಮಿಸ್’ ಎಂದೇ ಕರೆಸಿಕೊಳ್ಳುತ್ತಿದ್ದರು, ಅದನ್ನು ‘ಕುಮಾರಿ’ ಮಾಡಬೇಡಿ. ಗುಟ್ಟಾದ ಮದುವೆ ಕಥೆಯಲ್ಲಿದ್ದರೆ ಅದು ಅಲ್ಲೇ ಹಾಳಾಗುತ್ತದೆ.

ಇನ್‌ಕ್ವೆಸ್ಟ್ ಪಂಚನಾಮೆ ಅಲ್ಲ. ಪಂಚನಾಮೆ ಪೊಲೀಸರು ಪಂಚರ ಎದುರು ಬರೆಯುವ ದಾಖಲೆ. ಅಲ್ಲಿಯದು ಕಾರೊನರ್ ಎಂಬ ಅಧಿಕಾರಿ, ಕನಿಷ್ಠ 12 ಜನರ ಜ್ಯೂರಿ ಕೂರಿಸಿಕೊಂಡು ಸಾಕ್ಷಿಗಳ ಹೇಳಿಕೆ ಕೇಳುವ ಬಹಿರಂಗ ವಿಚಾರಣೆ. ಜ್ಯೂರಿಯವರು ಹೆಣವನ್ನು ಕಣ್ಣಾರೆ ನೋಡಲೇಬೇಕಿತ್ತು. ಎಷ್ಟೋ ಸಲ ಪಬ್ಬಿನ ಮಹಡಿಯಲ್ಲೇ ನಡೆಯುತ್ತಿತ್ತು. ಯಾರು ಬೇಕಾದರೂ ಬಂದು ಕೂರಬಹುದಾದ್ದರಿಂದ ಅಧಿಕಾರವಿಲ್ಲದ ಪತ್ತೇದಾರಿಣಿಗೆ ಎಲ್ಲ ಸಾಕ್ಷಿಗಳ ಮಾತನ್ನು ಒಟ್ಟಿಗೆ ಕೇಳಲು ಸಿಗುವ ಜಾಗವೇ ಇದು. ‘ಶವವಿಚಾರಣೆ’ ಅನ್ನಿ, ಕಾರೊನರ್‌ನನ್ನು ಹಾಗೇ ಬಿಡಿ. ಜ್ಯೂರಿ ಹೇಳುವ ‘ವಿಲ್‌ಫುಲ್ ಮರ್ಡರ್’ಗೆ ‘ಬೇಕೆಂದೇ ಮಾಡಿದ ಕೊಲೆ’ ನನಗೆ ಹಿತ. ಅದರ ಮುಂದೆ ‘ಗೊತ್ತಿಲ್ಲದ ವ್ಯಕ್ತಿಯಿಂದ’ ಎಂದು ಸೇರಿದ್ದರೆ ಅದನ್ನು ಬಿಡದೆ ಬರೆಯಿರಿ, ಏಕೆಂದರೆ ಕಾರೊನರ್ ಜ್ಯೂರಿ ಹೆಸರು ಹೇಳಿದರೆ ಆ ಮನುಷ್ಯನನ್ನು ನೇರ ಮೇಲಿನ ನ್ಯಾಯಾಲಯದ ವಿಚಾರಣೆಗೆ ಒಪ್ಪಿಸಬಹುದಿತ್ತು.